ಹುಬ್ಬಳ್ಳಿ–ದಿಲ್ಲಿ ವಿಮಾನ: ಒಂದೇ ದಾರಿಗೆ 1,480, 920, 800 ಎಂಬ ಮೂರು ಅಂತರ ಹೇಗೆ? 2 ತಾಸು 45 ನಿಮಿಷ ಎಲ್ಲೆಲ್ಲಿ ಖರ್ಚಾಗುತ್ತದೆ?

ಗದಗಿನ ಮಗಳು

ಎಲ್ಲರಿಗೂ ನಮಸ್ಕಾರ. ಸಂಕ್ರಮಣ ಮುಗಿದ ಮರುವಾರ ನಮ್ಮ ಅವ್ವನನ್ನು ಕರೆದುಕೊಂಡು ದಿಲ್ಲಿಗೆ ಹೋಗುವುದಿದೆ. ಅಕ್ಕನ ಮನೆ ದ್ವಾರಕಾದಲ್ಲಿದೆ. ಅವ್ವನಿಗೆ ಎಪ್ಪತ್ತೆರಡು ವರ್ಷ. ಎರಡೂ ಮೊಣಕಾಲು ನೋಯುತ್ತವೆ. ಎರಡು ತಾಸು ಒಂದೇ ಕಡೆ ಕುಳಿತರೆ ಏಳುವಾಗ ಯಾರಾದರೂ ಕೈ ಹಿಡಿಯಬೇಕು. ಆದ್ದರಿಂದ ಆಕೆ ಸೀಟಿನಲ್ಲಿ ಎಷ್ಟು ಹೊತ್ತು ಕೂಡಬೇಕಾಗುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಂಡೇ ಹೊರಡಬೇಕೆಂದು ಅಂತರ್ಜಾಲದಲ್ಲಿ ಹುಡುಕಿದೆ. ಹುಡುಕಿದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿತು.

ಒಂದು ತಾಣ ಹುಬ್ಬಳ್ಳಿಯಿಂದ ದಿಲ್ಲಿಗೆ 1,483 ಎನ್ನುತ್ತದೆ, ಇನ್ನೊಂದು 1,477 ಎನ್ನುತ್ತದೆ, ಮೂರನೆಯದು 920, ನಾಲ್ಕನೆಯದು 800. ಹಾರಾಟದ ಸಮಯವೂ ಹಾಗೆಯೇ: ಒಂದು ಕಡೆ 1 ತಾಸು 47 ನಿಮಿಷ, ಮತ್ತೊಂದು ಕಡೆ 2 ತಾಸು 17 ನಿಮಿಷ. ನಮ್ಮ ಟಿಕೆಟ್ಟಿನಲ್ಲಿ ಮಾತ್ರ 2 ತಾಸು 45 ನಿಮಿಷ ಎಂದು ಅಚ್ಚಾಗಿದೆ. ಸುಮಾರು ಒಂದು ತಾಸಿನ ವ್ಯತ್ಯಾಸ ಸಣ್ಣದಲ್ಲ. ನಮ್ಮೂರಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೆಚ್ಚೂಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಹಾವೇರಿ ಮಾಸ್ತರ

ತಂಗಿ, ನೀವು ಕೊಟ್ಟ ಅಂತರದ ಸಂಖ್ಯೆಗಳಲ್ಲಿ ಒಂದೂ ತಪ್ಪಿಲ್ಲ. ಬೇರೆ ಬೇರೆ ಅಳತೆಗೋಲುಗಳು, ಅಷ್ಟೇ. 1,480ರ ಆಸುಪಾಸಿನವು ಕಿಲೋಮೀಟರು, 920 ಸಾದಾ ಮೈಲಿ, 800 ನಾಟಿಕಲ್ ಮೈಲಿ. ವಿಮಾನದವರೂ ಹಡಗಿನವರೂ ಬಳಸುವುದು ಈ ಕೊನೆಯದನ್ನೇ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ತಾಣಗಳು ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿ ಅಳತೆಯ ಹೆಸರನ್ನು ಇರುವೆಯಷ್ಟು ಸಣ್ಣದಾಗಿ ಬರೆಯುವುದರಿಂದ ಈ ಗೊಂದಲ.

ಈ 800ನ್ನು ನೀವೇ ಮನೆಯಲ್ಲಿ ಕುಳಿತು ಲೆಕ್ಕ ಹಾಕಬಹುದು; ನಾನು ಒಂಬತ್ತನೆಯ ತರಗತಿಯ ಮಕ್ಕಳಿಂದ ಮಾಡಿಸಿದ್ದೇನೆ. ಅಕ್ಷಾಂಶದ ಒಂದು ಡಿಗ್ರಿಗೆ 60 ನಿಮಿಷ. ಇವು ಕೋನದ ನಿಮಿಷ, ಗಡಿಯಾರದವಲ್ಲ. ಅಂಥ ಒಂದು ನಿಮಿಷದಷ್ಟು ಉತ್ತರಕ್ಕೆ ಸರಿದರೆ ನೆಲದ ಮೇಲೆ ಒಂದು ನಾಟಿಕಲ್ ಮೈಲಿಯಾಗುತ್ತದೆ. ಆ ಅಳತೆ ಹುಟ್ಟಿದ್ದೇ ಹಾಗೆ. ಹುಬ್ಬಳ್ಳಿಯ ವಿಮಾನ ನಿಲ್ದಾಣ 15 ಡಿಗ್ರಿ 22 ನಿಮಿಷದಲ್ಲಿದೆ, ದಿಲ್ಲಿಯದು 28 ಡಿಗ್ರಿ 34 ನಿಮಿಷದಲ್ಲಿದೆ. ಕಳೆದರೆ 13 ಡಿಗ್ರಿ 12 ನಿಮಿಷ, ಅಂದರೆ 792 ನಿಮಿಷ, ಅಂದರೆ 792 ನಾಟಿಕಲ್ ಮೈಲಿ. ದಿಲ್ಲಿ ನಮಗಿಂತ ಎರಡು ಡಿಗ್ರಿಯಷ್ಟು ಪೂರ್ವಕ್ಕಿರುವುದರಿಂದ ಅಡ್ಡಲಾಗಿ 112 ನಾಟಿಕಲ್ ಮೈಲಿ ಸೇರುತ್ತದೆ. ಲಂಬಕೋನ ತ್ರಿಭುಜದ ಲೆಕ್ಕ ಮಾಡಿದರೆ ಕರ್ಣ 800 ಬರುತ್ತದೆ. 112ರಷ್ಟು ಪಕ್ಕಕ್ಕೆ ಸರಿದರೂ ಒಟ್ಟು ದಾರಿಗೆ ಸೇರಿದ್ದು ಎಂಟೇ ಮೈಲಿ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾದೀತು.

ಇನ್ನು 1,483 ಮತ್ತು 1,477ರ ನಡುವಿನ ಆರು ಕಿಲೋಮೀಟರು. ಭೂಮಿಯನ್ನು ಪೂರ್ಣ ಗೋಲವೆಂದು ಹಿಡಿದು ಲೆಕ್ಕ ಹಾಕುವ ತಾಣ ಮೊದಲನೆಯದನ್ನು ಕೊಡುತ್ತದೆ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿದೆ. ಸಮಭಾಜಕದ ಬಳಿ ತ್ರಿಜ್ಯ 6,378 ಕಿ.ಮೀ., ಧ್ರುವದ ಬಳಿ 6,357 ಕಿ.ಮೀ. ಈ ಚಪ್ಪಟೆತನವನ್ನು ಲೆಕ್ಕಕ್ಕೆ ಹಿಡಿಯುವ ತಾಣ ಎರಡನೆಯದನ್ನು ಕೊಡುತ್ತದೆ. ನಿಮ್ಮ ಪ್ರಯಾಣಕ್ಕೆ ಇದರಿಂದ ಅರ್ಧ ನಿಮಿಷದ ವ್ಯತ್ಯಾಸವೂ ಆಗದು.

ಸಪ್ತಾಪುರ ನಿವಾಸಿ

ಮಾಸ್ತರರ ಲೆಕ್ಕ ಕಾಗದದ ಮೇಲೆ ಸರಿಯಾಗಿದೆ. ಆದರೆ ವಿಮಾನ ಕಾಗದದ ಮೇಲೆ ಹಾರುವುದಿಲ್ಲ. ನಿಗದಿಯಾದ ವಾಯುಮಾರ್ಗಗಳಲ್ಲಿ, ಒಂದು ಗುರುತಿನಿಂದ ಮತ್ತೊಂದು ಗುರುತಿಗೆ ಹಾರಬೇಕು. ವಾಯುಪಡೆಗೆ ಮೀಸಲಾದ ಆಕಾಶದೊಳಗೆ ಕಾಲಿಡುವಂತಿಲ್ಲ. ದೇಶದ ವಾಯುಪ್ರದೇಶದಲ್ಲಿ ಶೇ 60ರಷ್ಟು ಮಾತ್ರ ನಾಗರಿಕ ವಿಮಾನಗಳಿಗೆ ಮುಕ್ತವಾಗಿದೆ ಎಂದು 2020ರ ಮೇ ತಿಂಗಳಲ್ಲಿ ಹಣಕಾಸು ಸಚಿವರೇ ಹೇಳಿದ್ದರು; ನಿರ್ಬಂಧ ಸಡಿಲಿಸುವ ಮಾತು ಆಗಲೇ ಬಂದದ್ದು. ಹೀಗಿರುವಾಗ 1,480 ಎಂಬುದು ಹದ್ದಿನ ದಾರಿಯೇ ಹೊರತು ವಿಮಾನದ ದಾರಿಯಲ್ಲ. ಟಿಕೆಟ್ಟಿನಲ್ಲಿ ಹೆಚ್ಚಿಗೆ ಕಾಣುವ ಸಮಯವೆಲ್ಲ ಈ ಸುತ್ತುದಾರಿಯಿಂದ ಬಂದದ್ದೆಂದು ನನ್ನ ಅಭಿಪ್ರಾಯ.

ಹಾವೇರಿ ಮಾಸ್ತರ

ಸಪ್ತಾಪುರದ ಹಿರಿಯರು ಹೇಳಿದಂತೆ ದಾರಿ ಡೊಂಕಾಗಿರುತ್ತದೆ, ಒಪ್ಪುತ್ತೇನೆ. ಆದರೆ ಡೊಂಕಿನಿಂದ ಎಷ್ಟು ಹೆಚ್ಚಾಗುತ್ತದೆ ಎಂಬುದನ್ನು ನಾವು ಊಹೆಯಲ್ಲಿ ದೊಡ್ಡದು ಮಾಡುತ್ತೇವೆ. ವಿಮಾನ ನಟ್ಟನಡುವಿನಲ್ಲಿ ನೇರ ಗೆರೆಯಿಂದ 100 ಕಿ.ಮೀ. ಪಕ್ಕಕ್ಕೆ ಹೋಯಿತೆಂದು ಇಟ್ಟುಕೊಳ್ಳೋಣ. ಅಂದರೆ ಧಾರವಾಡದಿಂದ ಬೆಳಗಾವಿ ದಾಟುವಷ್ಟು ದೂರ. ಆಗ 740 ಮತ್ತು 100 ಬಾಹುಗಳಾಗಿರುವ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. ಪ್ರತಿಯೊಂದರ ಕರ್ಣ 746.7. ಎರಡೂ ಕೂಡಿ 1,493. ನೂರು ಕಿಲೋಮೀಟರು ದಾರಿ ತಪ್ಪಿದರೂ ಹೆಚ್ಚಾದದ್ದು ಹದಿಮೂರು, ಸಮಯದಲ್ಲಿ ಒಂದು ನಿಮಿಷ. ಹೊಲದ ಬದು ತುಸು ಡೊಂಕಾದ ಮಾತ್ರಕ್ಕೆ ಊರಿನ ದಾರಿ ಎರಡರಷ್ಟಾಗುವುದಿಲ್ಲ. ಒಂದು ತಾಸಿನ ವ್ಯತ್ಯಾಸಕ್ಕೆ ಕಾರಣ ಬೇರೆಡೆ ಹುಡುಕಬೇಕು.

ಗೋಕುಲ ರಸ್ತೆ

ಕಾರಣವನ್ನು ನಾನು ಕೈಗಡಿಯಾರ ಹಿಡಿದು ಹುಡುಕಿದ್ದೇನೆ. ನನ್ನ ಮನೆ ವಿಮಾನ ನಿಲ್ದಾಣದ ಸದ್ದು ಕೇಳುವಷ್ಟು ಹತ್ತಿರದಲ್ಲಿದೆ. ಕೆಲಸದ ನಿಮಿತ್ತ ಈ ದಾರಿಯಲ್ಲಿ, 2022ರ ನವೆಂಬರಿನಲ್ಲಿ ನೇರ ವಿಮಾನ ಆರಂಭವಾದ ದಿನಗಳಿಂದ, ಹಲವು ಬಾರಿ ಹೋಗಿಬಂದಿದ್ದೇನೆ. ಬೋರ್ಡಿಂಗ್ ಪಾಸಿನ ಹಿಂದೆ ಸಮಯ ಬರೆದುಕೊಳ್ಳುವ ಚಟ ಮೊದಲಿನಿಂದಲೂ ಇದೆ, ಮನೆಯವರು ನಗುತ್ತಾರೆ. ಕಳೆದ ಸಲದ ಪಾಸು ಈಗ ಮುಂದಿದೆ: ವಿಮಾನ ನಿಂತ ಜಾಗದಿಂದ ಕದಲಿದ್ದು 1.18ಕ್ಕೆ. ಗಾಲಿ ನೆಲ ಬಿಟ್ಟದ್ದು 1.30ಕ್ಕೆ. ದಿಲ್ಲಿಯಲ್ಲಿ ಗಾಲಿ ನೆಲ ಮುಟ್ಟಿದ್ದು 3.42ಕ್ಕೆ. ಎಂಜಿನ್ ಸದ್ದು ಅಡಗಿದ್ದು 3.57ಕ್ಕೆ. ಅಂದರೆ ಆಕಾಶದಲ್ಲಿದ್ದದ್ದು 2 ತಾಸು 12 ನಿಮಿಷ, ಒಟ್ಟು 2 ತಾಸು 39 ನಿಮಿಷ.

ಟಿಕೆಟ್ಟಿನಲ್ಲಿ ಅಚ್ಚಾಗುವುದು ಈ ಒಟ್ಟು ಸಮಯ. ವಿಮಾನದವರ ಮಾತಿನಲ್ಲಿ ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ನಮ್ಮಲ್ಲಿ ಚಕ್ಕಡಿ ಇಳಿಜಾರಿಗೆ ಸರಿಯಬಾರದೆಂದು ಗಾಲಿಗೆ ಕಲ್ಲು ಕೊಡುತ್ತಾರಲ್ಲ, ವಿಮಾನದ ಗಾಲಿಗೂ ಹಾಗೆಯೇ ಒಂದು ಅಡ್ಡಗಟ್ಟೆ ಇಟ್ಟಿರುತ್ತಾರೆ. ಆ ಗಟ್ಟೆ ತೆಗೆದ ಗಳಿಗೆಯಿಂದ ಇನ್ನೊಂದು ಊರಿನಲ್ಲಿ ಮತ್ತೆ ಗಟ್ಟೆ ಇಡುವ ಗಳಿಗೆಯವರೆಗಿನ ಲೆಕ್ಕ ಅದು. ಹುಬ್ಬಳ್ಳಿಯಲ್ಲಿ ರನ್‌ವೇಗೆ ಹೋಗಲು ಹೆಚ್ಚು ಹೊತ್ತು ಬೇಡ. ಇರುವುದೊಂದೇ ರನ್‌ವೇ, ಮುಂದೆ ಸಾಲು ಇರುವುದು ಅಪರೂಪ. ದಿಲ್ಲಿಯಲ್ಲಿ ನಾಲ್ಕು ರನ್‌ವೇಗಳಿವೆ. ನಾಲ್ಕನೆಯದು 2023ರ ಜುಲೈನಲ್ಲಿ ಆರಂಭವಾಯಿತು. ದೂರದ ರನ್‌ವೇಯಲ್ಲಿ ಇಳಿಸಿದರೆ ಟರ್ಮಿನಲ್ ತಲುಪುವಷ್ಟರಲ್ಲಿ ಹದಿನೈದಿಪ್ಪತ್ತು ನಿಮಿಷ ಹೋದದ್ದೇ ತಿಳಿಯುವುದಿಲ್ಲ. ಪಕ್ಕದ ಸೀಟಿನವರೊಬ್ಬರು ಒಮ್ಮೆ, ವಿಮಾನ ಬಿಟ್ಟು ರಸ್ತೆಯ ಮೇಲೆಯೇ ಕರೆದುಕೊಂಡು ಹೋಗುತ್ತಿದ್ದಾರೆಯೇ ಎಂದು ಕೇಳಿದ್ದರು.

ನಿಮ್ಮ 1 ತಾಸು 47 ನಿಮಿಷದ ತಾಣ 1,480ನ್ನು 830ರಿಂದ ಭಾಗಿಸಿದೆ, ಮತ್ತೇನೂ ಮಾಡಿಲ್ಲ. ಏರ್‌ಬಸ್ 320 ಮೇಲೆ ಏರಿದ ನಂತರ ತಾಸಿಗೆ 830 ಕಿ.ಮೀ. ಆಸುಪಾಸಿನಲ್ಲಿ ಹೋಗುವುದು ನಿಜ. 2 ತಾಸು 17 ನಿಮಿಷದ ತಾಣ ಅದಕ್ಕೇ ಅರ್ಧ ತಾಸು ಕೂಡಿಸಿದೆ.

ಗದಗಿನ ಮಗಳು

ಗೋಕುಲ ರಸ್ತೆಯ ಅಣ್ಣಾವರಿಗೆ ಧನ್ಯವಾದಗಳು. ಗಾಲಿಗೆ ಕೊಡುವ ಕಲ್ಲಿನ ಮಾತು ಅವ್ವನಿಗೂ ಓದಿ ಹೇಳಿದೆ, ಕೂಡಲೇ ತಿಳಿಯಿತು. ಆದರೂ ಒಂದು ಸಂದೇಹ ಉಳಿಯಿತು. ನೆಲದ ಮೇಲಿನ 27 ನಿಮಿಷ ಕಳೆದರೂ ಆಕಾಶದಲ್ಲಿ 132 ನಿಮಿಷ ಉಳಿಯುತ್ತದೆ. ಭಾಗಾಕಾರದಲ್ಲಿ ಬರುವುದು 107. ಆ 25 ನಿಮಿಷ ಎಲ್ಲಿ ಹೋಯಿತು? ಮಾಸ್ತರರು ಹೇಳಿದಂತೆ ಡೊಂಕು ದಾರಿಗೆ ಒಂದೆರಡು ನಿಮಿಷವಷ್ಟೇ ಅಲ್ಲವೇ?

ಗೋಕುಲ ರಸ್ತೆ

ಒಳ್ಳೆಯ ಪ್ರಶ್ನೆ. ಮೊದಲನೆಯದಾಗಿ, ವಿಮಾನ ಮೇಲೇರುವಾಗಲೂ ಇಳಿಯುವಾಗಲೂ 830ರ ವೇಗದಲ್ಲಿರುವುದಿಲ್ಲ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮೀರುವಂತಿಲ್ಲ. ಅದು ತಾಸಿಗೆ 463 ಕಿ.ಮೀ. ಆಯಿತು. 35,000 ಅಡಿ ಏರಲು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಬೇಕು. ಇಳಿಯುವುದು ದಿಲ್ಲಿಗೆ ಸುಮಾರು 200 ಕಿ.ಮೀ. ಇರುವಾಗಲೇ ಶುರುವಾಗುತ್ತದೆ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳ ಬಾಯಿಲೆಕ್ಕ.

ಎರಡನೆಯದು ಯಾವ ತಾಣವೂ ಹೇಳದ ಮಾತು. ನಮ್ಮ ಹುಬ್ಬಳ್ಳಿಯ ರನ್‌ವೇ ಮಲಗಿರುವುದು ಪೂರ್ವ–ಪಶ್ಚಿಮವಾಗಿ. ದಿಲ್ಲಿಯ ನಾಲ್ಕೂ ಹೆಚ್ಚೂಕಡಿಮೆ ಪೂರ್ವ–ಪಶ್ಚಿಮವೇ. ನಾವು ಹೋಗಬೇಕಾದದ್ದು ಉತ್ತರಕ್ಕೆ! ಹೀಗಾಗಿ ಇಲ್ಲಿ ಏರಿದ ಮೇಲೆ ಒಂದು ತಿರುವು, ಅಲ್ಲಿ ಇಳಿಯುವ ಮುನ್ನ ಇನ್ನೊಂದು ತಿರುವು ಕಡ್ಡಾಯ. ಚಳಿಗಾಲದಲ್ಲಿ ದಿಲ್ಲಿಯ ಗಾಳಿ ಬಹುತೇಕ ಪಶ್ಚಿಮದಿಂದ ಬೀಸುತ್ತದೆ. ವಿಮಾನ ಗಾಳಿಗೆ ಎದುರಾಗಿಯೇ ಇಳಿಯಬೇಕಾದ್ದರಿಂದ, ದಕ್ಷಿಣದಿಂದ ಬಂದದ್ದು ನಿಲ್ದಾಣದ ಪೂರ್ವಕ್ಕೆ ಹೋಗಿ, ಸಾಲಿನಲ್ಲಿ ಸೇರಿಕೊಂಡು, ತಿರುಗಿ ಪಶ್ಚಿಮಕ್ಕೆ ಮುಖ ಮಾಡುತ್ತದೆ. ಕಿಟಕಿಯಿಂದ ದಿಲ್ಲಿಯ ಮನೆಗಳು ಕಾಣಿಸಿದ ಮೇಲೂ ಹತ್ತು ನಿಮಿಷ ಸುತ್ತಾಡಿಸುತ್ತಾರೆಂದು ಜನ ಗೊಣಗುವುದು ಇದಕ್ಕಾಗಿಯೇ.

ಬ್ಯಾಡಗಿ ವ್ಯಾಪಾರಿ

ಮೆಣಸಿನಕಾಯಿ ವ್ಯವಹಾರಕ್ಕಾಗಿ ನಾನು ವರ್ಷಕ್ಕೆ ನಾಲ್ಕೈದು ಬಾರಿ ದಿಲ್ಲಿಯ ಖಾರಿ ಬಾವಲಿಗೆ ಹೋಗುವವನು. ನೇರ ವಿಮಾನದ ಟಿಕೆಟ್ ಸಿಕ್ಕಿದ್ದರೆ ಅದನ್ನೇ ಹಿಡಿಯಿರಿ ಎಂದು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ. ಒಮ್ಮೆ ಎರಡು ಸಾವಿರ ರೂಪಾಯಿ ಉಳಿಸುವ ಆಸೆಯಿಂದ ಬೆಂಗಳೂರಿನ ಮೇಲಿನಿಂದ ಹೋದೆ. ಹುಬ್ಬಳ್ಳಿ–ಬೆಂಗಳೂರು ಒಂದು ಟಿಕೆಟ್, ಬೆಂಗಳೂರು–ದಿಲ್ಲಿ ಬೇರೆ ಕಂಪನಿಯ ಇನ್ನೊಂದು ಟಿಕೆಟ್. ನಡುವೆ ಒಂದು ತಾಸು ಐವತ್ತು ನಿಮಿಷ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶದಲ್ಲಿ 370 ಕಿ.ಮೀ., ಎಷ್ಟು ಹೊತ್ತಿನ ಮಾತು ಎಂದುಕೊಂಡಿದ್ದೆ. ಹೋಗುವುದು ಎಟಿಆರ್, ಅದರ ವೇಗ ತಾಸಿಗೆ 500 ಕಿ.ಮೀ. ಆಸುಪಾಸು, ಜೆಟ್ ವಿಮಾನದಂತಲ್ಲ. ಅಂದು ಅದು ಹೊರಟಿದ್ದೇ 40 ನಿಮಿಷ ತಡವಾಗಿ. ದೇವನಹಳ್ಳಿಯಲ್ಲಿ ಇಳಿದು, ಚೀಲ ಬರುವವರೆಗೆ ಕಾದು, ಇನ್ನೊಂದು ಟರ್ಮಿನಲ್‌ಗೆ ಓಡುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಎರಡೂ ಒಂದೇ ಟಿಕೆಟ್ಟಿನಲ್ಲಿ ಇಲ್ಲದ್ದರಿಂದ ಆ ಕಂಪನಿಯವರು ಕೈಚೆಲ್ಲಿದರು. ಹೊಸ ಟಿಕೆಟ್ಟಿಗೆ ಕೊಟ್ಟ ಹಣದಲ್ಲಿ ಒಂದು ಚೀಲ ಕಡ್ಡಿ ಮೆಣಸಿನಕಾಯಿ ಬರುತ್ತಿತ್ತು.

ಹಾವೇರಿ ಮಾಸ್ತರ

ವ್ಯಾಪಾರಿ ಅಣ್ಣಾವರ ಮಾತಿಗೆ ಅಂಕಿ ಜೋಡಿಸುತ್ತೇನೆ. ಬೆಂಗಳೂರು ನಮಗೆ ಆಗ್ನೇಯ ದಿಕ್ಕಿನಲ್ಲಿದೆ. ದಿಲ್ಲಿಗೆ ಹೋಗಲು ಬೆಂಗಳೂರಿಗೆ ಹೋಗುವುದೆಂದರೆ, ಧಾರವಾಡಕ್ಕೆ ಹೋಗಬೇಕಾದವರು ಮೊದಲು ಶಿಗ್ಗಾವಿಗೆ ಹೋದಂತೆ. 370 ಹಿಂದಕ್ಕೆ, ಅಲ್ಲಿಂದ 1,710 ಮುಂದಕ್ಕೆ, ಒಟ್ಟು 2,080 ಕಿ.ಮೀ. ನೇರ ದಾರಿಗಿಂತ 600 ಕಿ.ಮೀ. ಹೆಚ್ಚು. ಬ್ಲಾಕ್ ಟೈಮ್ ಎರಡು ಸಲ, ಏರುವುದು ಇಳಿಯುವುದು ಎರಡು ಸಲ. ಅವ್ವನವರ ಮೊಣಕಾಲಿಗೆ ಮಾತ್ರ, ನಡುವೆ ಎದ್ದು ನಡೆದಾಡುವ ಅವಕಾಶ ಸಿಗುತ್ತದೆ ಎಂಬುದೊಂದೇ ಅದರಲ್ಲಿರುವ ಅನುಕೂಲ. ನೇರ ವಿಮಾನದಲ್ಲಿಯೂ ಸೀಟ್ ಬೆಲ್ಟ್ ದೀಪ ಆರಿದಾಗ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಹಜಾರದ ಬದಿಯ ಸೀಟು ಪಡೆದರೆ ಸುಲಭ.

ಹವಾಮಾನ ಓದಿದವನು (ಧಾರವಾಡ)

ಜನವರಿಯ ಪ್ರಯಾಣ ಎಂದಿದ್ದೀರಿ. ಹಾಗಾದರೆ ದೂರಕ್ಕಿಂತ ಹೆಚ್ಚಾಗಿ ಮಂಜಿನ ವಿಚಾರ ತಿಳಿದಿರಬೇಕು. ದಿಲ್ಲಿಯಲ್ಲಿ ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಬೆಳಗಿನ ಹೊತ್ತು ದಟ್ಟ ಮಂಜು ಕವಿಯುತ್ತದೆ. ರನ್‌ವೇ, ವಿಮಾನ ಮತ್ತು ಪೈಲಟ್ ಮೂರೂ ಕ್ಯಾಟ್-3 ಬಿ ಎಂಬ ಅರ್ಹತೆ ಹೊಂದಿದ್ದರೆ ರನ್‌ವೇಯ ಮೇಲೆ 50 ಮೀಟರ್ ಕಂಡರೂ ಇಳಿಯಬಹುದು. ಆದರೆ ಹೊರಡಲು 125 ಮೀಟರ್ ಕಾಣಬೇಕು. ಇಳಿಯುವುದು ಸುಲಭ, ಏರುವುದು ಕಷ್ಟ ಎಂಬಂತೆ ತಲೆಕೆಳಗಾಗಿ ಕೇಳಿಸಿದರೂ ಕಾರಣವಿದೆ: ಇಳಿಯುವಾಗ ಉಪಕರಣಗಳೇ ರನ್‌ವೇವರೆಗೆ ಕೈಹಿಡಿದು ತರುತ್ತವೆ, ಏರಲು ಓಡುವಾಗ ಪೈಲಟ್ ಕಣ್ಣಿನಿಂದ ನಡುಗೆರೆಯನ್ನು ನೋಡಬೇಕು.

ಇದು ನಿಮಗೆ ಹೇಗೆ ತಟ್ಟುತ್ತದೆಂದರೆ, ನೀವು ಹತ್ತುವ ವಿಮಾನ ಹುಬ್ಬಳ್ಳಿಯಲ್ಲಿ ರಾತ್ರಿ ತಂಗಿದ್ದಲ್ಲ. ಅಂದೇ ದಿಲ್ಲಿಯಿಂದ ಬಂದು, ಅರ್ಧ ಮುಕ್ಕಾಲು ತಾಸಿನಲ್ಲಿ ತಿರುಗಿ ಹೋಗುವುದು. ದಿಲ್ಲಿಯಲ್ಲಿ ಬೆಳಿಗ್ಗೆ ಮಂಜು ಸರಿಯದಿದ್ದರೆ ಹುಬ್ಬಳ್ಳಿಯಲ್ಲಿ ಕಣ್ಣು ಕುಕ್ಕುವ ಬಿಸಿಲಿದ್ದರೂ ನೀವು ಕಾಯಲೇಬೇಕು. ಆದ್ದರಿಂದ ಗದಗಿನಿಂದ ಹೊರಡುವ ಮೊದಲು ನಿಮ್ಮ ವಿಮಾನ ಹೊರಡುವ ಸಮಯವನ್ನು ನೋಡುವ ಬದಲು, ದಿಲ್ಲಿಯಿಂದ ಅದು ಹೊರಟಿದೆಯೇ ಎಂದು ನೋಡಿ. ಹೊರಟಿಲ್ಲವೆಂದಾದರೆ ಅವ್ವನವರು ಮನೆಯ ಹಾಸಿಗೆಯ ಮೇಲೆಯೇ ಇನ್ನೊಂದು ತಾಸು ಕಾಲು ಚಾಚಿಕೊಳ್ಳಬಹುದು. ಆದರೂ ಕಂಪನಿಯವರು ಸಮಯ ಬದಲಾಯಿಸಿದ್ದಾರೆಂದು ಸಂದೇಶ ಬರುವವರೆಗೆ ಚೆಕ್-ಇನ್ ಗಡುವನ್ನು ಮೀರಬೇಡಿ.

ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ಎರಡು ಮಾತು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಸುಮಾರು 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ವಾಯುಪ್ರವಾಹ ಹರಿಯುತ್ತದೆ. ಮಳೆಗಾಲದಲ್ಲಿ ನಮ್ಮ ದಕ್ಷಿಣದ ಮೇಲೆ ಅದಕ್ಕೆ ವಿರುದ್ಧವಾಗಿ ಪೂರ್ವದಿಂದ ಬೀಸುವ ಇನ್ನೊಂದು ಪ್ರವಾಹವಿದೆ. ಅದನ್ನು 1958ರಲ್ಲಿ ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಪೂರ್ವ–ಪಶ್ಚಿಮವಾಗಿ ಹಾರುವವರಿಗೆ, ಉದಾಹರಣೆಗೆ ಮುಂಬೈ–ಕೋಲ್ಕತ್ತ ದಾರಿಯಲ್ಲಿ, ಹೋಗುವಾಗಿನ ಸಮಯಕ್ಕೂ ಬರುವಾಗಿನ ಸಮಯಕ್ಕೂ ವ್ಯತ್ಯಾಸ ಬರುವುದು ಈ ಗಾಳಿಯಿಂದ. ನಮ್ಮ ದಾರಿ ದಕ್ಷಿಣೋತ್ತರವಾದ್ದರಿಂದ ಗಾಳಿ ಪಕ್ಕದಿಂದ ಹೊಡೆಯುತ್ತದೆ. ತಾಸಿಗೆ 150 ಕಿ.ಮೀ. ಗಾಳಿ ಬೀಸಿದರೂ ವಿಮಾನ ಮೂಗನ್ನು ಸ್ವಲ್ಪ ಪಶ್ಚಿಮಕ್ಕೆ ತಿರುಗಿಸಿಕೊಂಡು ಓರೆಯಾಗಿ ಹೋಗುತ್ತದೆ. 830ರ ವೇಗ ನೆಲದ ಲೆಕ್ಕದಲ್ಲಿ 816 ಆಗುತ್ತದೆ, ಅಷ್ಟೇ. ಮಾಸ್ತರರ ತ್ರಿಭುಜವೇ ಇಲ್ಲಿಯೂ ಕೆಲಸ ಮಾಡುತ್ತದೆ.

ವಿದ್ಯಾನಗರ ತಂದೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾನೆ. ನಕ್ಷೆಯಲ್ಲಿ ಗೆರೆ ಎಳೆದರೆ ಪೆಸಿಫಿಕ್ ಸಾಗರದ ನಡುವಿನಿಂದ ಹೋಗಬೇಕು. ಆದರೆ ಅಲ್ಲಿಂದ ಬೆಂಗಳೂರಿಗೆ ಬಂದ ವಿಮಾನ ಉತ್ತರ ಧ್ರುವದ ಮೇಲಿನಿಂದ ಬಂತೆಂದು ಪತ್ರಿಕೆಯಲ್ಲಿ ಓದಿದ್ದೆ. ನೇರ ಗೆರೆ ಎಂಬುದರ ಅರ್ಥವೇನು ಹಾಗಾದರೆ?

ಹಾವೇರಿ ಮಾಸ್ತರ

ನೀವು ಓದಿದ್ದು 2021ರ ಜನವರಿಯ ಏರ್ ಇಂಡಿಯಾ ವಿಮಾನದ ಸುದ್ದಿ. ಮಹಿಳಾ ಪೈಲಟ್‌ಗಳೇ ನಡೆಸಿದ್ದರು, ದೂರ ಸುಮಾರು 14,000 ಕಿ.ಮೀ. ಗೋಲದ ಮೇಲೆ ದಾರ ಬಿಗಿದು ನೋಡಿ, ಅದು ಧ್ರುವದ ಕಡೆಗೇ ಸರಿಯುತ್ತದೆ. ಚಪ್ಪಟೆ ನಕ್ಷೆಯಲ್ಲಿ ಕಾಣುವ ನೇರ ಗೆರೆ ಗೋಲದ ಮೇಲೆ ನೇರವಲ್ಲ. ಹುಬ್ಬಳ್ಳಿ–ದಿಲ್ಲಿ ದಕ್ಷಿಣೋತ್ತರವಾಗಿರುವುದರಿಂದ ನಕ್ಷೆಯ ಗೆರೆಯೂ ಗೋಲದ ದಾರವೂ ಇಲ್ಲಿ ಒಂದೇ ಆಗಿಬಿಡುತ್ತವೆ.

ದಾರದ ಮಾತು ಬಂದದ್ದರಿಂದ ನಿನ್ನೆ ರಾತ್ರಿ ನಾನೂ ಭೂಪಟದ ಮೇಲೆ ಎಳೆದು ನೋಡಿದೆ. ಹುಬ್ಬಳ್ಳಿಯಿಂದ ಹೊರಟ ಗೆರೆ ಜಮಖಂಡಿಯ ಮೇಲೆ ಕೃಷ್ಣೆಯನ್ನು ದಾಟುತ್ತದೆ. ಬೀಡ, ಜಾಲನಾ, ಭುಸಾವಳಗಳ ಬಳಿ ಸಾಗಿ, ನರ್ಮದೆ ದಾಟಿ, ದೇವಾಸದ ಪಕ್ಕದಿಂದ, ಸವಾಯಿ ಮಾಧೋಪುರದ ಹತ್ತಿರ ಹೋಗುತ್ತದೆ. ಜಮಖಂಡಿ ದಾಟಿದ ಮೇಲೆ, ಹುಬ್ಬಳ್ಳಿಯಿಂದ ಸುಮಾರು 260 ಕಿ.ಮೀ. ದೂರದಲ್ಲಿ, ಗೆರೆಗೆ ಎಡಕ್ಕೆ ಹತ್ತು ಹನ್ನೊಂದು ಕಿಲೋಮೀಟರಿನ ಒಳಗೆ ಪಂಢರಪುರವಿದೆ. ಗಾಲಿ ನೆಲ ಬಿಟ್ಟು ಇಪ್ಪತ್ತೈದು ನಿಮಿಷಕ್ಕೆ ಬರಬೇಕು. ಹಜಾರದ ಸೀಟು ಎಂದು ಹೇಳಿದ್ದನ್ನು ಹಿಂದಕ್ಕೆ ಪಡೆಯುತ್ತೇನೆ, ಅವ್ವನವರಿಗೆ ಎಡಗಡೆಯ ಕಿಟಕಿ ಕೊಡಿಸಿ.

ಸಪ್ತಾಪುರ ನಿವಾಸಿ

ಡೊಂಕಿನ ವಿಷಯದಲ್ಲಿ ನನ್ನ ಎಣಿಕೆ ತಪ್ಪಿತ್ತು, ಮಾಸ್ತರರ ಲೆಕ್ಕವನ್ನು ಒಪ್ಪಿದೆ. ಆದರೆ ಈ ಮಗಳು ಕೇಳಿದ್ದು ಅವ್ವ ಎಷ್ಟು ಹೊತ್ತು ಕೂಡಬೇಕೆಂದು. ಆಕೆ ಕೂಡುವುದು ವಿಮಾನದಲ್ಲಿ ಮಾತ್ರವಲ್ಲವಲ್ಲ. ಗದಗಿನಿಂದ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಒಂದೂವರೆ ತಾಸು ಹಿಡಿಯಿರಿ. ಚೆಕ್-ಇನ್ ಒಂದು ತಾಸು ಮೊದಲೇ ಮುಚ್ಚುವುದರಿಂದ ಒಂದೂಮುಕ್ಕಾಲು ತಾಸು ಮೊದಲು ಅಲ್ಲಿರಬೇಕು. ವಿಮಾನ 2.45. ದಿಲ್ಲಿಯಲ್ಲಿ ಚೀಲ ಬಂದು ಹೊರಗೆ ಬರಲು ಅರ್ಧ ತಾಸು, ದ್ವಾರಕಾ ಹತ್ತಿರವೇ ಇರುವುದರಿಂದ ಇನ್ನರ್ಧ ತಾಸು. ಮನೆಯ ಹೊಸ್ತಿಲಿನಿಂದ ಹೊಸ್ತಿಲಿಗೆ ಏಳು ತಾಸು. ಅದರಲ್ಲಿ ಆಕಾಶದ ಪಾಲು 2 ತಾಸು 12 ನಿಮಿಷ, ಮೂರನೆಯ ಒಂದು ಭಾಗವೂ ಇಲ್ಲ. ರೈಲಿನಲ್ಲಿ ಎರಡು ರಾತ್ರಿ ಎಂಬುದು ನಿಜ. ನಾವು ಹಿಂದೆ ಲೋಂಡಾಕ್ಕೆ ಹೋಗಿ ಗೋವಾ ಎಕ್ಸ್‌ಪ್ರೆಸ್ ಹಿಡಿಯುತ್ತಿದ್ದೆವು. ಅದರಲ್ಲಿ ಮಲಗಲಾದರೂ ಬರುತ್ತಿತ್ತು. ವಿಮಾನವೇ ಸರಿ, ಆದರೆ ಟಿಕೆಟ್ ತೆಗೆಯುವಾಗಲೇ ವೀಲ್‌ಚೇರ್ ಬೇಕೆಂದು ನಮೂದಿಸಿಬಿಡಿ. ಹಣ ತೆಗೆದುಕೊಳ್ಳುವುದಿಲ್ಲ, ದಿಲ್ಲಿಯ ಉದ್ದನೆಯ ಹಾದಿಯಲ್ಲಿ ಅದು ಇಲ್ಲದೆ ಆಗದು.

ಗದಗಿನ ಮಗಳು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹೋಗಿಬಂದೆವು. ನೀವೆಲ್ಲ ಇಷ್ಟು ಬರೆದ ಮೇಲೆ ಲೆಕ್ಕ ಒಪ್ಪಿಸದಿದ್ದರೆ ತಪ್ಪಾಗುತ್ತದೆ.

ಹೋಗುವ ದಿನ ಧಾರವಾಡದ ಸರ್ ಹೇಳಿದಂತೆ ಬೆಳಿಗ್ಗೆ ಎದ್ದ ಕೂಡಲೇ ದಿಲ್ಲಿಯಿಂದ ವಿಮಾನ ಹೊರಟಿದೆಯೇ ಎಂದು ನೋಡಿದೆ. ಹೊರಟಿರಲಿಲ್ಲ. ಹತ್ತೂವರೆಯ ಹೊತ್ತಿಗೆ, ನಮ್ಮ ವಿಮಾನ ಒಂದು ತಾಸು ಹತ್ತು ನಿಮಿಷ ತಡ ಎಂದು ಕಂಪನಿಯಿಂದಲೂ ಸಂದೇಶ ಬಂತು. ಅವ್ವ ರೊಟ್ಟಿ ತಿಂದು ಮತ್ತೆ ಮಲಗಿದಳು. ಹುಬ್ಬಳ್ಳಿಯಲ್ಲಿ ಮೋಡದ ತುಣುಕೂ ಇರಲಿಲ್ಲ. ಕಾಯುತ್ತಿದ್ದವರೊಬ್ಬರು, ಇಷ್ಟು ಬಿಸಿಲಿದ್ದರೂ ಹವಾಮಾನ ಸರಿಯಿಲ್ಲವೆನ್ನುತ್ತಾರೆಂದು ಕೌಂಟರಿನವರ ಜೊತೆ ಜಗಳಕ್ಕೆ ನಿಂತಿದ್ದರು. ನಾನು ಇಲ್ಲಿ ಓದಿದ್ದನ್ನು ಅವರಿಗೆ ವಿವರಿಸಿದೆ, ಅರ್ಧ ನಂಬಿದರು.

ಬೋರ್ಡಿಂಗ್ ಪಾಸಿನ ಹಿಂದೆ ನಾನೂ ಬರೆದುಕೊಂಡೆ. ಕದಲಿದ ಮೇಲೆ ಗಾಲಿ ನೆಲ ಬಿಡಲು 9 ನಿಮಿಷ, ಆಕಾಶದಲ್ಲಿ 2 ತಾಸು 10 ನಿಮಿಷ, ದಿಲ್ಲಿಯಲ್ಲಿ ಇಳಿದ ಮೇಲೆ ನಿಲ್ಲಲು 21 ನಿಮಿಷ. ಒಟ್ಟು 2 ತಾಸು 40 ನಿಮಿಷ. ಆ 21 ನಿಮಿಷದಲ್ಲಿಯೇ ಅವ್ವನಿಗೆ ಹೆಚ್ಚು ಬೇಸರವಾದದ್ದು. ಬಂದಾಯಿತಲ್ಲ, ಇನ್ನೇಕೆ ಇಳಿಸುವುದಿಲ್ಲ ಎಂದು ಮೂರು ಸಲ ಕೇಳಿದಳು. ಹೊಸ್ತಿಲಿನಿಂದ ಹೊಸ್ತಿಲಿಗೆ, ತಡವಾದದ್ದನ್ನು ಮನೆಯಲ್ಲಿಯೇ ಕಳೆದದ್ದರಿಂದ, ಏಳೂಕಾಲು ತಾಸು.

ಮಾಸ್ತರರಿಗೆ ವಿಶೇಷವಾಗಿ: ಎಡಗಡೆಯ ಕಿಟಕಿ ಸಿಕ್ಕಿತು. ಗಾಲಿ ಎದ್ದು ಇಪ್ಪತ್ತಾರು ನಿಮಿಷಕ್ಕೆ, ಕೆಳಗೆ ಧೂಳುಮುಸುಕಿನ ನಡುವೆ ಒಂದು ಹೊಳೆ ಕುಡುಗೋಲಿನಂತೆ ಬಾಗಿರುವುದು ಕಂಡಿತು, ಅದರ ದಂಡೆಗೆ ಒತ್ತಾಗಿ ಊರು. ಅದು ಪಂಢರಪುರವೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಅವ್ವ ಕೇಳಿದ್ದಕ್ಕೆ ಹೌದೆಂದೆ. ಆಕೆ ಚಪ್ಪಲಿ ಬಿಟ್ಟು ಕಾಲು ಮೇಲೆತ್ತಿಕೊಳ್ಳಲು ನೋಡಿದಳು, ಬೆಲ್ಟ್ ಬಿಡಲಿಲ್ಲ, ಕುಳಿತಲ್ಲಿಂದಲೇ ಕೈ ಮುಗಿದಳು.

ಗೋಕುಲ ರಸ್ತೆ

2 ತಾಸು 10 ನಿಮಿಷ! ನನ್ನ ಲೆಕ್ಕಕ್ಕೆ ಎರಡೇ ನಿಮಿಷ ಕಡಿಮೆ. ಬರುವಾಗಿನದನ್ನೂ ಬರೆದಿದ್ದೀರಾ? ಹೋಗುವಾಗ 35,000 ಅಥವಾ 37,000 ಅಡಿಯಂಥ ಬೆಸಸಂಖ್ಯೆಯ ಎತ್ತರ, ದಕ್ಷಿಣಕ್ಕೆ ಬರುವಾಗ ಅದು ಪಶ್ಚಿಮಾರ್ಧದ ದಿಕ್ಕಾದ್ದರಿಂದ 34,000 ಅಥವಾ 36,000 ಅಡಿಯಂಥ ಸಮಸಂಖ್ಯೆ ಇರಬೇಕು. ಎದುರುಬದುರು ವಿಮಾನಗಳು ಒಂದೇ ಎತ್ತರಕ್ಕೆ ಬರಬಾರದೆಂದು ಹಾಗೆ ಹಂಚಿರುತ್ತಾರೆ.

ಗದಗಿನ ಮಗಳು

ಬರೆದಿದ್ದೇನೆ ಅಣ್ಣಾವರೇ. ಬರುವಾಗ ಕ್ಯಾಪ್ಟನ್ ಹೇಳಿದ್ದು 36,000 ಅಡಿ. ದಿಲ್ಲಿಯಲ್ಲಿ ಕದಲಿದ್ದರಿಂದ ಏರುವವರೆಗೆ 17 ನಿಮಿಷ, ಆಕಾಶದಲ್ಲಿ 2 ತಾಸು 4 ನಿಮಿಷ, ಹುಬ್ಬಳ್ಳಿಯಲ್ಲಿ ಇಳಿದು ನಿಲ್ಲಲು 4 ನಿಮಿಷ. ಒಟ್ಟು 2 ತಾಸು 25 ನಿಮಿಷ. ಟಿಕೆಟ್ಟಿನ ಸಮಯಕ್ಕಿಂತ 20 ನಿಮಿಷ ಮೊದಲೇ ಬಂದೆವು. ಗದಗಿನಿಂದ ಬರಬೇಕಿದ್ದ ಕಾರಿನವನಿಗೆ ನಾನು ಟಿಕೆಟ್ ನೋಡಿಯೇ ಸಮಯ ಹೇಳಿದ್ದೆ. ನಾವು ಚೀಲ ಹಿಡಿದು ಹೊರಗೆ ನಿಂತಾಗ ಅವನಿನ್ನೂ ಅಣ್ಣಿಗೇರಿ ದಾಟಿ ಬರುತ್ತಿದ್ದ.